ಮೇಲ್ ತಂತ್ರಾಂಶದ ಕಡತಗಳನ್ನು ಎಲ್ಲಿ ಇಡಬೇಕು: ಸಣ್ಣ ಕಚೇರಿಗಳಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ತುಮಕೂರಿನ ಅಶೋಕ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿರುವ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಒಂದು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಕೊಡುವ ಕೆಲಸ ನನಗೆ ಬಂದಿತ್ತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್, ಹೀಗೆ ಕಣ್ಣಿಗೆ ಕಂಡದ್ದನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು, ವಿಂಡೋಸನ್ನು ಹೊಸದಾಗಿ ಹಾಕಿ, ಸಂಜೆಯೊಳಗೆ ಎಲ್ಲವನ್ನೂ ಮರಳಿ ಜೋಡಿಸಿಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಅಲ್ಲಿನ ಗುಮಾಸ್ತರು ಫೋನ್ ಮಾಡಿ, "ಸಾರ್, ಮೇಲ್ ತೆಗೆದ್ರೆ ಎರಡು ವಾರದ್ದು ಮಾತ್ರ ಬರ್ತಿದೆ, ಹಳೇದೆಲ್ಲ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ಹಳೆಯದನ್ನು ನಾನು ಎಲ್ಲಿಯೂ ಇಟ್ಟಿರಲಿಲ್ಲ. ಅವರು ಬಳಸುತ್ತಿದ್ದ ಥಂಡರ್‌ಬರ್ಡ್ ತಂತ್ರಾಂಶ ಅಷ್ಟೂ ವರ್ಷಗಳ ಪತ್ರಗಳನ್ನು ಆಪ್‌ಡೇಟಾ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಇಟ್ಟಿತ್ತು. ನಾನು ಅದನ್ನು ತೆರೆದು ನೋಡದೆಯೇ ಡಿಸ್ಕನ್ನು ಒರೆಸಿಬಿಟ್ಟಿದ್ದೆ. ಅದು ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕ್ ಆಗಿದ್ದುದರಿಂದ, ಅಳಿಸಿದ್ದನ್ನು ಹೆಕ್ಕಿ ತೆಗೆಯುವ ತಂತ್ರಾಂಶಗಳಿಗೂ ಏನೂ ಸಿಗಲಿಲ್ಲ.

ತಪ್ಪು ನನ್ನದೇ. ಆದರೆ ಅಂದಿನಿಂದ ಯಾವ ಕಚೇರಿಗೆ ಹೋದರೂ ಮೊದಲು ನಾನು ಕೇಳುವ ಪ್ರಶ್ನೆ "ನಿಮ್ಮ ಮೇಲ್ ಕಡತಗಳು ಯಾವ ಫೋಲ್ಡರಿನಲ್ಲಿವೆ?" ಎಂಬುದಾಗಿದೆ, ಮತ್ತು ಹತ್ತರಲ್ಲಿ ಒಂಬತ್ತು ಕಡೆ ಅದಕ್ಕೆ ಉತ್ತರ ಸಿಗುವುದಿಲ್ಲ. ತಂತ್ರಾಂಶ ತನಗೆ ತೋಚಿದ ಕಡೆ ಇಟ್ಟದ್ದನ್ನು ಹಾಗೆಯೇ ಬಿಡದೆ, ಆ ಜಾಗವನ್ನು ನಾವೇ ನಿರ್ಧರಿಸಿ, ಬ್ಯಾಕಪ್ಪಿನ ಕೈ ಅಲ್ಲಿಗೆ ಎಟಕುವಂತೆ ಮಾಡುವುದು ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಪಾಪ್ ಖಾತೆಯೋ, ಐಮ್ಯಾಪ್ ಖಾತೆಯೋ

ಮೇಲ್ ಖಾತೆ ಸರ್ವರಿನೊಂದಿಗೆ ಮಾತಾಡುವ ವಿಧಾನಗಳಲ್ಲಿ ಪಾಪ್ ಮತ್ತು ಐಮ್ಯಾಪ್ ಎಂಬ ಎರಡು ಹೆಚ್ಚು ಬಳಕೆಯಲ್ಲಿವೆ. ಪಾಪ್ ವಿಧಾನದಲ್ಲಿ ತಂತ್ರಾಂಶ ಪತ್ರಗಳನ್ನು ಸರ್ವರಿನಿಂದ ಇಳಿಸಿಕೊಂಡು ನಮ್ಮ ಕಂಪ್ಯೂಟರಿನಲ್ಲಿ ಇಡುತ್ತದೆ, ಮತ್ತು ಸರ್ವರಿನಲ್ಲಿರುವ ಪ್ರತಿಯನ್ನು ಸಾಮಾನ್ಯವಾಗಿ ಆಗಲೇ ಅಥವಾ ಕೆಲವು ದಿನಗಳ ನಂತರ ಅಳಿಸುತ್ತದೆ. ಹದಿನಾಲ್ಕು ದಿನಗಳ ನಂತರ ಅಳಿಸುವ ಆಯ್ಕೆ ಬಹಳ ಕಡೆ ಕಾಣುವಂಥದ್ದು, ಮೇಲಿನ ಕಚೇರಿಯಲ್ಲಿ ಇದ್ದದ್ದೂ ಅದೇ. ಐಮ್ಯಾಪ್ ವಿಧಾನದಲ್ಲಿ ಮೂಲಪ್ರತಿ ಸರ್ವರಿನಲ್ಲಿಯೇ ಉಳಿದು, ನಮ್ಮ ಕಂಪ್ಯೂಟರಿನಲ್ಲಿ ಇರುವುದು ಅದರ ನಕಲು ಮಾತ್ರ. ಪಾಪ್ ಖಾತೆಯ ಕಡತ ಕಳೆದರೆ ಪತ್ರಗಳೇ ಕಳೆದಂತೆ. ಐಮ್ಯಾಪ್ ಖಾತೆಯ ಕಡತ ಕಳೆದರೆ ಮತ್ತೊಮ್ಮೆ ಇಳಿಸಿಕೊಳ್ಳುವ ತನಕ ಕಾಯಬೇಕು, ಅಷ್ಟೆ.

ನಿಮ್ಮ ಖಾತೆ ಯಾವ ಬಗೆಯದೆಂದು ತಿಳಿಯಲು ಅಕೌಂಟ್ ಸೆಟ್ಟಿಂಗ್ಸ್ ತೆರೆದು, ಒಳಬರುವ ಸರ್ವರಿನ ಪೋರ್ಟ್ ಸಂಖ್ಯೆಯನ್ನು ನೋಡಿರಿ. 995 ಅಥವಾ 110 ಎಂದಿದ್ದರೆ ಅದು ಪಾಪ್, 993 ಅಥವಾ 143 ಎಂದಿದ್ದರೆ ಐಮ್ಯಾಪ್. ಐಮ್ಯಾಪ್ ಇದೆಯೆಂದು ಪೂರ್ತಿ ನಿರಾಳವಾಗುವುದೂ ಬೇಡ. ಸರ್ವರಿನಲ್ಲಿ ಕೊಟ್ಟ ಜಾಗ ತುಂಬಿತೆಂದು ಹಳೆಯ ಪತ್ರಗಳನ್ನು "ಲೋಕಲ್ ಫೋಲ್ಡರ್ಸ್" ಅಥವಾ "ಆರ್ಕೈವ್" ಎಂಬಲ್ಲಿಗೆ ಎಳೆದು ಹಾಕುವ ಅಭ್ಯಾಸ ಬಹಳ ಜನರಿಗಿದೆ, ಮತ್ತು ಹಾಗೆ ಕಂಪ್ಯೂಟರಿಗೆ ಎಳೆದ ಕ್ಷಣದಿಂದ ಆ ಪತ್ರಗಳಿಗೆ ಸರ್ವರಿನ ಆಸರೆ ಇರುವುದಿಲ್ಲ.

ಈಗ ಅವು ಎಲ್ಲಿವೆಯೆಂದು ಹುಡುಕುವುದು

ಥಂಡರ್‌ಬರ್ಡ್ ಬಳಸುವವರು ಬಲಮೇಲಿನ ಮೆನುವಿನಲ್ಲಿ ಹೆಲ್ಪ್, ಅದರೊಳಗೆ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್ ತೆರೆದರೆ, ಪ್ರೊಫೈಲ್ ಫೋಲ್ಡರ್ ಎಂಬ ಸಾಲಿನ ಪಕ್ಕದಲ್ಲಿ ಅದನ್ನು ತೆರೆಯುವ ಗುಂಡಿ ಸಿಗುತ್ತದೆ. ವಿಂಡೋಸಿನಲ್ಲಿ ಈ ಪ್ರೊಫೈಲ್ ಬಳಕೆದಾರರ ಫೋಲ್ಡರಿನ ಒಳಗೆ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಥಂಡರ್‌ಬರ್ಡ್, ಅದರೊಳಗೆ ಪ್ರೊಫೈಲ್ಸ್ ಎಂಬಲ್ಲಿ, ಅರ್ಥವಿಲ್ಲದ ಎಂಟು ಅಕ್ಷರ ಮತ್ತು ಅಂಕಿಗಳಿಂದ ಶುರುವಾಗುವ ಹೆಸರಿನಲ್ಲಿ ಕುಳಿತಿರುತ್ತದೆ. ಅದರೊಳಗಿನ "ಮೇಲ್" ಎಂಬ ಫೋಲ್ಡರಿನಲ್ಲಿ ಪಾಪ್ ಖಾತೆಯ ಪತ್ರಗಳೂ ಲೋಕಲ್ ಫೋಲ್ಡರ್ಸಿನ ಪತ್ರಗಳೂ ಇರುತ್ತವೆ. "ಐಮ್ಯಾಪ್‌ಮೇಲ್" ಎಂಬುದರಲ್ಲಿ ಐಮ್ಯಾಪಿನ ನಕಲುಗಳಿರುತ್ತವೆ. ತೆರೆದು ನೋಡಿದರೆ ಇನ್‌ಬಾಕ್ಸ್ ಎಂಬ ಹೆಸರಿನಲ್ಲಿ ಎರಡು ಕಡತಗಳು ಕಾಣುತ್ತವೆ. ಹೆಸರಿನ ಕೊನೆಗೆ ಚುಕ್ಕಿಯಿಟ್ಟು ಸೇರಿಸುವ ಯಾವ ಬಾಲವೂ ಇಲ್ಲದ, ಗಾತ್ರದಲ್ಲಿ ದೊಡ್ಡದಾದ ಕಡತವೇ ಪತ್ರಗಳ ಗಂಟು. ಎಂಎಸ್‌ಎಫ್ ಎಂಬ ಬಾಲವಿರುವ ಸಣ್ಣದು ಬರೀ ಸೂಚಿ. ಅದು ಹಾಳಾದರೂ ತಂತ್ರಾಂಶ ಮತ್ತೆ ಕಟ್ಟಿಕೊಳ್ಳುತ್ತದೆ. ಇದನ್ನು ತಿಳಿಯದೆ, ಸೂಚಿಯನ್ನು ಜೋಪಾನವಾಗಿಟ್ಟು ಬಾಲವಿಲ್ಲದ ಕಡತವನ್ನು ಕಸವೆಂದು ಅಳಿಸಿದವರನ್ನೂ ನಾನು ಕಂಡಿದ್ದೇನೆ.

ಔಟ್‌ಲುಕ್ ಬಳಸುವವರು ಫೈಲ್ ಮೆನುವಿನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು, ಡೇಟಾ ಫೈಲ್ಸ್ ಎಂಬ ವಿಭಾಗಕ್ಕೆ ಹೋಗಿ, ಓಪನ್ ಫೈಲ್ ಲೊಕೇಶನ್ ಒತ್ತಬೇಕು. ನಾನು ಹೇಳುತ್ತಿರುವುದು ಕ್ಲಾಸಿಕ್ ಔಟ್‌ಲುಕ್ ಕುರಿತು. ವಿಂಡೋಸಿನೊಂದಿಗೆ ಈಚೆಗೆ ಬರುತ್ತಿರುವ ಹೊಸ ಔಟ್‌ಲುಕ್ ಬೇರೆಯೇ ತಂತ್ರಾಂಶ. ಕ್ಲಾಸಿಕ್ ಔಟ್‌ಲುಕ್ಕಿನಲ್ಲಿ ಎರಡು ಬಗೆಯ ಕಡತಗಳಿವೆ. ಪಿಎಸ್‌ಟಿ ಎಂಬುದು ಪಾಪ್ ಖಾತೆಯ ಮತ್ತು ಆರ್ಕೈವಿನ ಮೂಲಪ್ರತಿ, ಓಎಸ್‌ಟಿ ಎಂಬುದು ಸರ್ವರಿನಲ್ಲಿರುವುದರ ನಕಲು. 2007ರ ಆವೃತ್ತಿಯವರೆಗೆ ಎರಡೂ ಆಪ್‌ಡೇಟಾದ ಒಳಗಿನ ಲೋಕಲ್ ಎಂಬಲ್ಲಿಯೇ ಇರುತ್ತಿದ್ದವು. 2010ರ ಆವೃತ್ತಿಯಿಂದ ಹೊಸದಾಗಿ ಹುಟ್ಟುವ ಪಿಎಸ್‌ಟಿ ಕಡತವನ್ನು ಡಾಕ್ಯುಮೆಂಟ್ಸ್ ಒಳಗಿನ "ಔಟ್‌ಲುಕ್ ಫೈಲ್ಸ್" ಫೋಲ್ಡರಿನಲ್ಲಿ ಇಡುವ ಕ್ರಮ ಬಂತು. ಹಳೆಯ ಆವೃತ್ತಿಯಿಂದ ಮೇಲೇರಿಸುತ್ತ ಬಂದ ಕಂಪ್ಯೂಟರಿನಲ್ಲಿ ಹಳೆಯ ಪಿಎಸ್‌ಟಿ ಹಳೆಯ ಜಾಗದಲ್ಲಿಯೇ ಉಳಿದಿರುವ ಸಂಭವ ಹೆಚ್ಚಾದ್ದರಿಂದ, ಊಹೆಗೆ ಬಿಡದೆ ಡೇಟಾ ಫೈಲ್ಸ್ ಪಟ್ಟಿಯಲ್ಲಿರುವ ಪ್ರತಿಯೊಂದು ಸಾಲಿನ ವಿಳಾಸವನ್ನೂ ಓದಿ ಬರೆದುಕೊಳ್ಳಬೇಕು.

ಆಪ್‌ಡೇಟಾ ಫೋಲ್ಡರಿನ ಒಳಗಿನ ರೋಮಿಂಗನ್ನು ನೇರವಾಗಿ ತೆರೆಯಬೇಕಾದರೆ, ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬಿಡುವಿಲ್ಲದೆ ಬರೆದು ಎಂಟರ್ ಒತ್ತಿದರೆ ಸಾಕು. ಉಬುಂಟುವಿನಂತಹ ಲಿನಕ್ಸ್ ಇರುವವರ ಪ್ರೊಫೈಲ್ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ಥಂಡರ್‌ಬರ್ಡ್ ಎಂಬ ಹೆಸರಿನಲ್ಲಿರುತ್ತದೆ. ತಂತ್ರಾಂಶವನ್ನು ಉಬುಂಟುವಿನ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಹಾಕಿದ್ದರೆ ಅದೇ ಫೋಲ್ಡರ್ "ಸ್ನ್ಯಾಪ್" ಎಂಬುದರ ಒಳಗೆ ಸೇರಿಕೊಂಡಿರುತ್ತದೆ. ಚುಕ್ಕಿಯ ಹೆಸರುಗಳನ್ನು ಕಾಣಲು ಕಂಟ್ರೋಲ್ ಮತ್ತು ಎಚ್ ಒತ್ತಬೇಕು.

ಇರಬೇಕಾದ ಜಾಗ

ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಪತ್ರಗಳು ಇರಲೇಬಾರದು. ಅದು ತಂತ್ರಾಂಶದ ಜಾಗ, ಬಳಕೆದಾರರದ್ದಲ್ಲ. ಅಲ್ಲಿ ಬರೆಯಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಗುತ್ತದೆ ಮತ್ತು ಒಂದೇ ಕಂಪ್ಯೂಟರನ್ನು ಮೂವರು ಬಳಸುವ ಕಡೆ ಒಬ್ಬರ ಪತ್ರ ಇನ್ನೊಬ್ಬರಿಗೆ ಕಾಣುತ್ತದೆ. ಇಂದಿನ ಹೆಸರಾಂತ ತಂತ್ರಾಂಶಗಳು ಆ ತಪ್ಪು ಮಾಡುವುದಿಲ್ಲ, ಆದುದರಿಂದ ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಚರ್ಚೆಗೆ ಆಸ್ಪದವಿರುವುದು ಬಳಕೆದಾರರ ಫೋಲ್ಡರಿನ ಒಳಗೆ ಎಲ್ಲಿ ಎಂಬುದರಲ್ಲಿ. ವಿಂಡೋಸಿನಲ್ಲಿ ರೋಮಿಂಗ್ ಎಂಬ ಭಾಗವಿರುವುದು, ದೊಡ್ಡ ಸಂಸ್ಥೆಗಳಲ್ಲಿ ಬಳಕೆದಾರರು ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಆದರೂ ಅವರ ಸೆಟ್ಟಿಂಗುಗಳು ಹಿಂದೆಯೇ ಬರಲಿ ಎಂಬ ಉದ್ದೇಶಕ್ಕೆ. ಅಂತಹ ಏರ್ಪಾಡು ಇರುವ ಕಡೆ, ಲಾಗಿನ್ ಮತ್ತು ಲಾಗೌಟ್ ಆಗುವಾಗಲೆಲ್ಲ ಅಲ್ಲಿ ಬದಲಾದ ಕಡತಗಳು ಸರ್ವರಿಗೂ ಕಂಪ್ಯೂಟರಿಗೂ ನಡುವೆ ಓಡಾಡುತ್ತವೆ. ಹತ್ತು ಜಿಬಿಯ ಇನ್‌ಬಾಕ್ಸಿನಲ್ಲಿ ಒಂದು ಪತ್ರ ಸೇರಿದರೂ ಆ ಕಡತವಿಡೀ ಬದಲಾದಂತೆ ಲೆಕ್ಕ, ಆದ್ದರಿಂದ ಬೆಳಿಗ್ಗೆ ಲಾಗಿನ್ ಒತ್ತಿ ಕಾಫಿ ಕುಡಿದು ಬಂದರೂ ಪರದೆ ತೆರೆದಿರುವುದಿಲ್ಲ. ಔಟ್‌ಲುಕ್ ತನ್ನ ಓಎಸ್‌ಟಿಯನ್ನು ಲೋಕಲ್ ಭಾಗದಲ್ಲಿ ಇಟ್ಟಿರುವುದು ಈ ದೃಷ್ಟಿಯಿಂದ ಸರಿ. ಥಂಡರ್‌ಬರ್ಡ್ ಸೆಟ್ಟಿಂಗುಗಳ ಜೊತೆಗೆ ಪತ್ರಗಳನ್ನೂ ರೋಮಿಂಗಿನಲ್ಲಿಯೇ ಇಟ್ಟಿರುವುದು ನನ್ನ ಮಟ್ಟಿಗೆ ಒಳ್ಳೆಯ ಆಯ್ಕೆಯಲ್ಲ. ಎರಡು ಮೂರು ಕಂಪ್ಯೂಟರುಗಳ ನಮ್ಮ ಊರಿನ ಕಚೇರಿಗಳಲ್ಲಿ ಆ ಏರ್ಪಾಡೇ ಇರುವುದಿಲ್ಲವಾದ್ದರಿಂದ ಅದರ ಬಿಸಿ ತಟ್ಟುವುದು ಕಡಿಮೆ.

ಡಾಕ್ಯುಮೆಂಟ್ಸ್ ಫೋಲ್ಡರ್ ಕಣ್ಣಿಗೆ ಕಾಣುವ ಜಾಗವಾದ್ದರಿಂದ, ನನ್ನಂತೆ ಅವಸರದಲ್ಲಿ ನಕಲು ಮಾಡುವವರ ಕೈಗೂ ಸಿಗುತ್ತದೆ, ಮತ್ತು ಆ ಕಾರಣಕ್ಕೆ ಪಿಎಸ್‌ಟಿಯನ್ನು ಅಲ್ಲಿಗೆ ತಂದದ್ದು ಒಳ್ಳೆಯದೇ ಆಗಿತ್ತು. ಆದರೆ ಈಗ ವಿಂಡೋಸ್ ಡಾಕ್ಯುಮೆಂಟ್ಸ್ ಫೋಲ್ಡರನ್ನು ಇಂಟರ್‌ನೆಟ್ಟಿನಲ್ಲಿ ಕಡತಗಳನ್ನಿಡುವ ತನ್ನ ಸೇವೆಯಾದ ಒನ್‌ಡ್ರೈವಿನ ಒಳಕ್ಕೆ ಸೇರಿಸಿಕೊಳ್ಳಲು ಮುಂದಾಗುತ್ತದೆ, ಮತ್ತು ಬಹಳ ಜನ ಓದದೆಯೇ ಒಪ್ಪಿಗೆ ಕೊಡುತ್ತಾರೆ. ಔಟ್‌ಲುಕ್ ತೆರೆದಿರುವಷ್ಟು ಹೊತ್ತೂ ಪಿಎಸ್‌ಟಿಗೆ ಬೀಗ ಹಾಕಿಕೊಂಡು ಅದರಲ್ಲಿ ಬರೆಯುತ್ತಲೇ ಇರುತ್ತದೆ. ಒನ್‌ಡ್ರೈವ್ ಅದೇ ಕಡತವನ್ನು ಮೇಲೇರಿಸಲು ಕಾಯುತ್ತಿರುತ್ತದೆ. ಎರಡೂ ಕಡೆಯ ಪ್ರತಿಗಳನ್ನು ಸರಿಹೊಂದಿಸುವ ಸಿಂಕ್ ಎಂಬ ಕೆಲಸ ಮುಗಿಯುವುದೇ ಇಲ್ಲ, ಇಂಟರ್‌ನೆಟ್ ನಿಧಾನವಾಗುತ್ತದೆ, ಕೆಲವೊಮ್ಮೆ ಕಡತವೂ ಕೆಡುತ್ತದೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಸಿಂಕ್ ಫೋಲ್ಡರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸಿಂಕ್ ಎಂಬುದು ಬ್ಯಾಕಪ್ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಇನ್ನು ಕಚೇರಿಯ ಮೂಲೆಯಲ್ಲಿರುವ ಸರ್ವರ್ ಅಥವಾ ಹಂಚಿಕೊಂಡ ನೆಟ್‌ವರ್ಕ್ ಡ್ರೈವಿನಲ್ಲಿ ಕಡತಗಳನ್ನಿಟ್ಟು ಅಲ್ಲಿಂದಲೇ ತೆರೆಯುವ ಉಪಾಯ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಹೀಗೆ ನಾಲ್ವರ ಪಿಎಸ್‌ಟಿಗಳನ್ನು ಒಂದೇ ಹಂಚಿಕೆ ಫೋಲ್ಡರಿನಲ್ಲಿ ಇಟ್ಟಿದ್ದರು. ಕರೆಂಟು ಹೋಗಿ, ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು ಆರಿದಾಗಲೆಲ್ಲ ಯಾರಾದರೊಬ್ಬರ ಕಡತ ಕೆಟ್ಟು, ಸ್ಕ್ಯಾನ್‌ಪಿಎಸ್‌ಟಿ ಎಂಬ ದುರಸ್ತಿ ತಂತ್ರಾಂಶವನ್ನು ಗಂಟೆಗಟ್ಟಲೆ ಓಡಿಸಬೇಕಾಗುತ್ತಿತ್ತು. ನೆಟ್‌ವರ್ಕಿನ ಮೂಲಕ ದಿನನಿತ್ಯ ಪಿಎಸ್‌ಟಿ ತೆರೆದು ಬಳಸುವುದಕ್ಕೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿದೆ. ಸರ್ವರಿಗೆ ಬ್ಯಾಕಪ್ ಪ್ರತಿ ಹೋಗಲಿ, ಬಳಸುವ ಪ್ರತಿ ಮಾತ್ರ ಆ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿಯೇ ಇರಲಿ.

ಹಾಗಾದರೆ ನಾನು ಇಡುವುದು ಎಲ್ಲಿ? ಕಂಪ್ಯೂಟರಿನಲ್ಲಿ ಡಿ ಎಂಬ ಎರಡನೆಯ ಡ್ರೈವ್ ಇದ್ದರೆ, ಅದರಲ್ಲಿ ಕಚೇರಿಯ ಕಡತಗಳಿಗೆಂದು ಒಂದು ಫೋಲ್ಡರ್, ಅದರೊಳಗೆ ಪ್ರತಿಯೊಬ್ಬ ಬಳಕೆದಾರರ ಹೆಸರಿನಲ್ಲಿ ಒಂದು ಮೇಲ್ ಫೋಲ್ಡರ್ ಮಾಡಿ, ಪಿಎಸ್‌ಟಿ ಅಥವಾ ಥಂಡರ್‌ಬರ್ಡ್ ಪ್ರೊಫೈಲನ್ನು ಅಲ್ಲಿಗೆ ಸಾಗಿಸುತ್ತೇನೆ. ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೂ ಅದು ಉಳಿಯುತ್ತದೆ. ಆದರೆ ಒಂದೇ ಡಿಸ್ಕನ್ನು ಭಾಗ ಮಾಡಿ ಸಿ ಮತ್ತು ಡಿ ಎಂದು ಹೆಸರಿಟ್ಟಿದ್ದರೆ, ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೇ ಹೋಗುತ್ತವೆ ಎಂಬುದನ್ನು ಮರೆಯಬಾರದು. ಬಳಕೆದಾರರ ಫೋಲ್ಡರಿನಿಂದ ಹೊರಗೆ ತಂದಾಗ ಅದರ ರಕ್ಷಣೆಯೂ ಹೋಗುತ್ತದೆಯಾದ್ದರಿಂದ, ಆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ ಎಂಬಲ್ಲಿ ಆಯಾ ಬಳಕೆದಾರರಿಗೆ ಮಾತ್ರ ಅನುಮತಿ ಉಳಿಸಬೇಕು. ಥಂಡರ್‌ಬರ್ಡ್ ಪತ್ರಗಳನ್ನು ಸಾದಾ ಪಠ್ಯವಾಗಿಯೇ ಬರೆದಿಡುತ್ತದೆ. ಅದರ ಪ್ರೈಮರಿ ಪಾಸ್‌ವರ್ಡ್ ಕಾಯುವುದು ಉಳಿಸಿಟ್ಟ ಪಾಸ್‌ವರ್ಡುಗಳನ್ನೇ ಹೊರತು ಪತ್ರಗಳನ್ನಲ್ಲ. ನೋಟ್‌ಪ್ಯಾಡಿನಲ್ಲಿ ಇನ್‌ಬಾಕ್ಸ್ ಕಡತವನ್ನು ತೆರೆದರೆ ಕಕ್ಷಿದಾರರ ಪತ್ರಗಳ ಸಾಲುಗಳು ಯಾರಿಗಾದರೂ ಓದಲು ಸಿಗುತ್ತವೆ.

ಸಾಗಿಸುವ ಕ್ರಮ

ಔಟ್‌ಲುಕ್ಕಿನ ಪಿಎಸ್‌ಟಿಯನ್ನು ಸಾಗಿಸುವ ಮುನ್ನ ಔಟ್‌ಲುಕ್ಕನ್ನು ಪೂರ್ತಿ ಮುಚ್ಚಿ, ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರು ಇಲ್ಲವೆಂದು ಖಚಿತಪಡಿಸಿಕೊಳ್ಳಿರಿ. ನಂತರ ಕಡತವನ್ನು ಹೊಸ ಫೋಲ್ಡರಿಗೆ ನಕಲು ಮಾಡಿ, ಎರಡರ ಗಾತ್ರವೂ ಒಂದೇ ಇದೆಯೆಂದು ನೋಡಿ, ಹಳೆಯದರ ಹೆಸರಿನ ಮುಂದೆ "ಹಳೆಯದು" ಎಂಬಂತಹ ಗುರುತು ಸೇರಿಸಿರಿ. ಔಟ್‌ಲುಕ್ ಮತ್ತೆ ತೆರೆದಾಗ ಕಡತ ಸಿಗುತ್ತಿಲ್ಲವೆಂದು ಹೇಳುತ್ತದೆ. ಓಕೆ ಒತ್ತಿದರೆ ಹುಡುಕುವ ಕಿಟಕಿ ಬರುತ್ತದೆ, ಅಲ್ಲಿ ಹೊಸ ಜಾಗದ ಕಡತವನ್ನು ತೋರಿಸಬೇಕು. ಒಂದು ವಾರ ಎಲ್ಲವೂ ಸರಿಯಾಗಿ ನಡೆದ ಮೇಲೆ ಹಳೆಯದನ್ನು ಅಳಿಸಬಹುದು. ಓಎಸ್‌ಟಿಯನ್ನು ಸಾಗಿಸುವ ಗೋಜಿಗೆ ಹೋಗಬೇಡಿ, ಅದು ನಕಲು. ಅದರ ಜಾಗ ಅದಕ್ಕೆ ಸರಿಯಾಗಿಯೇ ಇದೆ.

ಥಂಡರ್‌ಬರ್ಡ್‌ನಲ್ಲಿ ಇಡೀ ಪ್ರೊಫೈಲನ್ನು ಸಾಗಿಸುವುದು ಉತ್ತಮ, ಏಕೆಂದರೆ ವಿಳಾಸ ಪುಸ್ತಕ, ಫಿಲ್ಟರುಗಳು, ಉಳಿಸಿಟ್ಟ ಪಾಸ್‌ವರ್ಡುಗಳು ಎಲ್ಲವೂ ಅದರೊಳಗೇ ಇವೆ. ತಂತ್ರಾಂಶವನ್ನು ಮುಚ್ಚಿ, ಪ್ರೊಫೈಲ್ ಫೋಲ್ಡರನ್ನು ಹೊಸ ಜಾಗಕ್ಕೆ ನಕಲು ಮಾಡಿ, ರನ್ ಪೆಟ್ಟಿಗೆಯಲ್ಲಿ ಥಂಡರ್‌ಬರ್ಡ್ ಹೆಸರಿನ ನಂತರ ಒಂದು ಬಿಡುವು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಪಿ ಬರೆದು ಎಂಟರ್ ಒತ್ತಿದರೆ ಪ್ರೊಫೈಲ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಕ್ರಿಯೇಟ್ ಪ್ರೊಫೈಲ್ ಆರಿಸಿ, ಹೆಸರು ಕೊಟ್ಟು, ಚೂಸ್ ಫೋಲ್ಡರ್ ಮೂಲಕ ನೀವು ನಕಲಿಸಿದ ಪ್ರೊಫೈಲ್ ಫೋಲ್ಡರನ್ನೇ ತೋರಿಸಬೇಕು. ಅದರ ಮೇಲಿನ ಫೋಲ್ಡರನ್ನಾಗಲಿ, ಡಿ ಡ್ರೈವನ್ನಾಗಲಿ ತೋರಿಸಿದರೆ ಮುಂದೊಂದು ದಿನ ಆ ಪ್ರೊಫೈಲನ್ನು ಕಡತಗಳ ಸಮೇತ ಅಳಿಸಿದಾಗ, ಆ ಫೋಲ್ಡರಿನಲ್ಲಿರುವುದೆಲ್ಲ ಅದರೊಂದಿಗೇ ಹೋಗುತ್ತದೆ. ಹಾಗೆಯೇ ಹಳೆಯ ಪ್ರೊಫೈಲನ್ನು ಪಟ್ಟಿಯಿಂದ ತೆಗೆಯುವಾಗ "ಡೋಂಟ್ ಡಿಲೀಟ್ ಫೈಲ್ಸ್" ಎಂಬುದನ್ನೇ ಒತ್ತಿರಿ. ಹೊಸ ಪ್ರೊಫೈಲ್ ತೆರೆದ ಮೇಲೆ ಅಕೌಂಟ್ ಸೆಟ್ಟಿಂಗ್ಸಿನಲ್ಲಿ ಪ್ರತಿ ಖಾತೆಯ ಸರ್ವರ್ ಸೆಟ್ಟಿಂಗ್ಸ್ ತೆರೆದು, ಕೆಳಗಿರುವ ಲೋಕಲ್ ಡೈರೆಕ್ಟರಿ ಹೊಸ ಜಾಗವನ್ನೇ ತೋರಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ಹಿಂದೆ ಯಾರಾದರೂ ಅದನ್ನು ಕೈಯಾರೆ ಬದಲಿಸಿದ್ದರೆ ಪತ್ರಗಳು ಪ್ರೊಫೈಲಿನ ಹೊರಗೆಲ್ಲೋ ಇರುವ ಸಾಧ್ಯತೆ ಇದೆ.

ಸಾಗಿಸುವ ಮೊದಲು ಥಂಡರ್‌ಬರ್ಡ್‌ನಲ್ಲಿ ಒಮ್ಮೆ "ಕಾಂಪ್ಯಾಕ್ಟ್ ಫೋಲ್ಡರ್ಸ್" ಮಾಡಿಕೊಂಡರೆ ಸಮಯ ಉಳಿಯುತ್ತದೆ. ಅದು ಬಳಸುವ ಎಂಬಾಕ್ಸ್ ಎಂಬ ರೂಪದಲ್ಲಿ ಒಂದು ಫೋಲ್ಡರಿನ ಪತ್ರಗಳೆಲ್ಲ ಒಂದೇ ಕಡತದಲ್ಲಿ ಒಂದರ ಹಿಂದೊಂದು ಇರುತ್ತವೆ. ಪತ್ರವನ್ನು ಅಳಿಸಿದಾಗ ಅದಕ್ಕೆ ಗುರುತು ಬೀಳುತ್ತದೆಯೇ ಹೊರತು ಕಡತದಿಂದ ಅದು ಹೋಗುವುದು ಕಾಂಪ್ಯಾಕ್ಟ್ ಆದಾಗಲೇ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಮಂಡಿಯಲ್ಲಿ ಹೀಗೆ ಕಾಂಪ್ಯಾಕ್ಟ್ ಮಾಡಿದಾಗ ಇನ್‌ಬಾಕ್ಸ್ ಕಡತ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು.

ಬ್ಯಾಕಪ್

ವಿಂಡೋಸಿನ ಫೈಲ್ ಹಿಸ್ಟರಿ ಎಂಬ ಸೌಲಭ್ಯವನ್ನು ನಂಬಿಕೊಂಡವರು ಗಮನಿಸಬೇಕಾದದ್ದೆಂದರೆ, ಅದು ತಾನಾಗಿಯೇ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂತಹ ಫೋಲ್ಡರುಗಳನ್ನು ಉಳಿಸುತ್ತದೆ, ಆಪ್‌ಡೇಟಾವನ್ನು ಉಳಿಸುವುದಿಲ್ಲ. ಹೊಸ ಜಾಗವನ್ನು ಯಾವುದೇ ಬ್ಯಾಕಪ್ ತಂತ್ರಾಂಶದ ಪಟ್ಟಿಗೆ ನೀವೇ ಸೇರಿಸಬೇಕು. ಕೈಯಿಂದ ನಕಲು ಮಾಡುವವರು ಮೇಲ್ ತಂತ್ರಾಂಶವನ್ನು ಮುಚ್ಚಿಯೇ ಮಾಡಬೇಕು. ತೆರೆದಿರುವಾಗ ಮಾಡಿದ ನಕಲು ಅರ್ಧ ಬರೆದ ಕಡತವಾಗಿರಬಹುದು. ವಿಂಡೋಸಿನೊಂದಿಗೆ ಬರುವ, ನಕಲು ಮಾಡುವ ಆದೇಶವಾದ ರೋಬೋಕಾಪಿ ಬಳಸುವವರು ಅದರ ಮಿರ್ ಆಯ್ಕೆಯ ಬಗ್ಗೆ ಎಚ್ಚರದಿಂದಿರಬೇಕು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯಲ್ಲಿಯೂ ಅಳಿಸುತ್ತದೆ, ಆದ್ದರಿಂದ ಮೂಲ ಫೋಲ್ಡರ್ ಯಾವುದೋ ಕಾರಣಕ್ಕೆ ಖಾಲಿಯಾದ ದಿನ ಬ್ಯಾಕಪ್ಪೂ ಖಾಲಿಯಾಗುತ್ತದೆ. ತಿಂಗಳಿಗೊಂದು ಹೊಸ ಫೋಲ್ಡರಿಗೆ ನಕಲು ಮಾಡಿ, ಕೊನೆಯ ಮೂರನ್ನು ಉಳಿಸಿಕೊಳ್ಳುವುದು ನನ್ನ ಪದ್ಧತಿ.

ಪೆನ್‌ಡ್ರೈವಿಗೆ ನಕಲು ಮಾಡುವಾಗ, ಜಾಗ ಬೇಕಾದಷ್ಟಿದ್ದರೂ "ಕಡತ ಬಹಳ ದೊಡ್ಡದು" ಎಂಬ ಸಂದೇಶ ಬಂದರೆ ಗಾಬರಿಯಾಗಬೇಕಿಲ್ಲ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿದ್ದರೆ 4 ಜಿಬಿ ಮುಟ್ಟಿದ ಒಂದು ಕಡತವನ್ನು ಅದು ಹಿಡಿಯಲಾರದು. ಒಳಗಿರುವುದನ್ನು ಬೇರೆಡೆ ಇಟ್ಟು, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಹಳೆಯ ಔಟ್‌ಲುಕ್ ಕಾಲದ ಪಿಎಸ್‌ಟಿ ಯಾರ ಬಳಿಯಾದರೂ ಇನ್ನೂ ಇದ್ದರೆ, 2002ರ ಆವೃತ್ತಿಯವರೆಗಿನ ಆ ರೂಪಕ್ಕೆ 2 ಜಿಬಿಯ ಮಿತಿಯಿದೆ. ಅದರ ಹತ್ತಿರ ಬಂದ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದು, ಹೊಸ ಪಿಎಸ್‌ಟಿಗೆ ಪತ್ರಗಳನ್ನು ಸಾಗಿಸಿಕೊಳ್ಳುವುದು ತುರ್ತಾಗಿ ಆಗಬೇಕಾದ ಕೆಲಸ. 2010ರಿಂದೀಚಿನ ಆವೃತ್ತಿಗಳಲ್ಲಿ ತಾನಾಗಿ ಇರುವ ಮಿತಿ 50 ಜಿಬಿ, ಆದರೂ ಹತ್ತು ಜಿಬಿ ದಾಟಿದ ಮೇಲೆ ವರ್ಷಕ್ಕೊಂದರಂತೆ ಬೇರೆ ಮಾಡುವುದನ್ನು ನಾನು ಇಷ್ಟಪಡುತ್ತೇನೆ.

ಬ್ಯಾಕಪ್ ಆಯಿತೆಂದು ನಂಬುವ ಮೊದಲು ಅದನ್ನು ತೆರೆದು ನೋಡಬೇಕು. ಬೇರೊಂದು ಕಂಪ್ಯೂಟರಿನಲ್ಲಿ ಪಿಎಸ್‌ಟಿಯನ್ನು ಅಥವಾ ಪ್ರೊಫೈಲನ್ನು ಮೇಲೆ ಹೇಳಿದ ಕ್ರಮದಲ್ಲಿಯೇ ತೆರೆದು, ತೀರ ಹಳೆಯ ಪತ್ರವೊಂದನ್ನು ಹುಡುಕಿ, ಅದರ ಲಗತ್ತು ತೆರೆಯುತ್ತದೆಯೇ ಎಂದು ನೋಡಿರಿ. ಆ ಪರೀಕ್ಷೆಯ ಹೊತ್ತಿನಲ್ಲಿ ಇಂಟರ್‌ನೆಟ್ ಕಿತ್ತಿರಬೇಕು. ಇಲ್ಲವಾದರೆ ಪಾಪ್ ಖಾತೆ ಅಲ್ಲಿಯೂ ಹೊಸ ಪತ್ರಗಳನ್ನು ಇಳಿಸಿಕೊಂಡು, ಅಸಲಿ ಕಂಪ್ಯೂಟರಿಗೆ ಬರಬೇಕಾದ್ದು ಅಲ್ಲಿ ಸೇರಿಬಿಡಬಹುದು.

ಕೊನೆಯ ಕೆಲಸ ಕಂಪ್ಯೂಟರಿನಲ್ಲಿ ಅಲ್ಲ, ಕಾಗದದಲ್ಲಿ ಆಗಬೇಕಾದದ್ದು. ಖಾತೆಯ ಹೆಸರು, ಪಾಪ್ ಅಥವಾ ಐಮ್ಯಾಪ್, ಕಡತದ ಪೂರ್ತಿ ವಿಳಾಸ, ಬ್ಯಾಕಪ್ ಹೋಗುವ ಜಾಗ, ಕೊನೆಯದಾಗಿ ತೆರೆದು ನೋಡಿದ ದಿನಾಂಕ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಪಾಸ್‌ವರ್ಡನ್ನು ಮಾತ್ರ ಬರೆಯದೆ, ಸಿಪಿಯು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿರಿ. ಅಶೋಕ ರಸ್ತೆಯ ಆ ಕಚೇರಿಯ ಪೆಟ್ಟಿಗೆಯ ಮೇಲೆ ಈಗ ಅಂತಹ ಚೀಟಿ ಇದೆ, ಮತ್ತು ಫಾರ್ಮ್ಯಾಟ್ ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ಗುಮಾಸ್ತರು ಬೆರಳು ಮಾಡಿ ಅದನ್ನು ತೋರಿಸುತ್ತಾರೆ.